ಚಾರ್ಜರ್ ಕೊಳ್ಳುವ ಮುಂಚೆ ಗೋಡೆಯ ಪ್ಲಗ್ ಪಾಯಿಂಟ್ ನೋಡಿ

ಹೈದರಾಬಾದಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಈಚೆಗೆ ಎಲೆಕ್ಟ್ರಿಕ್ ಕಾರಿನ ಮಾತು ಬಂದೇ ಬರುತ್ತದೆ. ತೆಲಂಗಾಣ ಸರ್ಕಾರ 2024ರ ನವೆಂಬರ್ 18ರಿಂದ 2026ರ ಡಿಸೆಂಬರ್ 31ರವರೆಗೆ ಇಂಥ ವಾಹನಗಳ ರಸ್ತೆ ತೆರಿಗೆಯನ್ನೂ ನೋಂದಣಿ ಶುಲ್ಕವನ್ನೂ ಪೂರ್ತಿ ಮನ್ನಾ ಮಾಡಿದ ಮೇಲಂತೂ ಲೆಕ್ಕಾಚಾರ ಜೋರಾಯಿತು. ಕಾರು ಬುಕ್ ಮಾಡಿದ ಮರುದಿನ ಬರುವ ಪ್ರಶ್ನೆ ಒಂದೇ: ಯಾವ ಪೋರ್ಟಬಲ್ ಚಾರ್ಜರ್ ತಗೊಳ್ಳೋಣ? ನಮ್ಮಲ್ಲಿ ಬಹಳ ಜನರ ಊರು ಬೀದರ್, ಕಲಬುರಗಿ, ರಾಯಚೂರು. ವಾರವಿಡೀ ಅಪಾರ್ಟ್‌ಮೆಂಟಿನ ಸೆಲ್ಲಾರ್‌ನಲ್ಲಿ, ಹಬ್ಬಕ್ಕೆ ಊರಿನ ಮನೆಯಲ್ಲಿ, ಎರಡೂ ಕಡೆ ನಡೆಯುವಂಥದ್ದು ಬೇಕು.

ಎಷ್ಟು ವೇಗ ಬೇಕು?

ನಾವು ಚಾರ್ಜರ್ ಎನ್ನುವ ಆ ಡಬ್ಬಿ ನಿಜವಾಗಿ ಚಾರ್ಜರ್ ಅಲ್ಲ. ಎಸಿ ಕರೆಂಟನ್ನು ಡಿಸಿಗೆ ತಿರುಗಿಸಿ ಬ್ಯಾಟರಿಗೆ ತುಂಬುವ ಯಂತ್ರ ಕಾರಿನೊಳಗೇ ಇದೆ. ಡಬ್ಬಿಯ ಕೆಲಸ ಕಾವಲು: ಅರ್ಥಿಂಗ್ ಪರೀಕ್ಷಿಸುವುದು, ಎಷ್ಟು ಆಂಪ್ ಎಳೆಯಬಹುದೆಂದು ಕಾರಿಗೆ ಹೇಳುವುದು, ಕರೆಂಟ್ ಸೋರಿದರೆ ತಕ್ಷಣ ಕಡಿಯುವುದು. ಆದ್ದರಿಂದ ಕಾರಿನೊಳಗಿನ ಯಂತ್ರ 3.3 ಕಿಲೋವ್ಯಾಟಿನದಾಗಿದ್ದರೆ, ನೀವು 7.2 ಕಿಲೋವ್ಯಾಟಿನ ಡಬ್ಬಿ ತಂದರೂ ವೇಗ ಹೆಚ್ಚುವುದಿಲ್ಲ. ಟಿಯಾಗೋ ಇವಿಯಂಥ ಕಾರುಗಳು ಎರಡೂ ಬಗೆಯಲ್ಲಿ ಬಂದಿವೆ. ನಿಮ್ಮದು ಯಾವುದೆಂದು ಮೊದಲು ಕೇಳಿಕೊಳ್ಳಿ.

7.2 ಕಿಲೋವ್ಯಾಟ್ ಎಂದರೆ 32 ಆಂಪ್. ಗೀಸರ್, ಎಸಿ ಜೊತೆಗೆ ಇದನ್ನೂ ಹಾಕಿದರೆ ಫ್ಲ್ಯಾಟಿನ ಮಂಜೂರಾದ ಲೋಡ್ ಮೀರುತ್ತದೆ. ಕರೆಂಟ್ ಬಿಲ್ಲಿನಲ್ಲಿ ಆ ಸಂಖ್ಯೆ ಇರುತ್ತದೆ, ನೋಡಿ. ಸಾಮಾನ್ಯ 16 ಆಂಪ್ ಪಾಯಿಂಟಿನಿಂದ ರಾತ್ರಿಯ 8 ಗಂಟೆಯಲ್ಲಿ ಸುಮಾರು 26 ಯೂನಿಟ್ ಬರುತ್ತದೆ. ಯೂನಿಟ್ಟಿಗೆ 7 ಕಿ.ಮೀ. ಎಂದುಕೊಂಡರೆ, ದಿನಕ್ಕೆ 40 ಕಿ.ಮೀ. ಓಡಿಸುವವರಿಗೆ 6 ಯೂನಿಟ್, ಅಂದರೆ ಹೆಚ್ಚುಕಡಿಮೆ 2 ಗಂಟೆ ಸಾಕು. ಮಿಯಾಪುರದಿಂದ ಗಚ್ಚಿಬೌಲಿಗೆ ಹೋಗಿಬರುವವರಿಗೆ 16 ಆಂಪಿನ ಚಾರ್ಜರ್ ಧಾರಾಳ.

ಡಬ್ಬಿಯಲ್ಲಿ ಏನು ನೋಡಬೇಕು?

ಟೈಪ್ 2 ಗನ್ ಇರಬೇಕು. 6, 8, 10, 13, 16 ಹೀಗೆ ಆಂಪ್ ಇಳಿಸಿ ಏರಿಸುವ ಸೌಲಭ್ಯ ಬೇಕು. ಊರಿನ ಹಳೆಯ ವೈರಿಂಗಿಗೆ ಇದೇ ದೊಡ್ಡ ರಕ್ಷಣೆ. ಪ್ಲಗ್ ಬಿಸಿಯಾದರೆ ತಾನೇ ಕರೆಂಟ್ ತಗ್ಗಿಸುವ ಟೆಂಪರೇಚರ್ ಸೆನ್ಸರ್ ಇದ್ದರೆ ಒಳ್ಳೆಯದು. ನೀರು, ಧೂಳು ತಡೆಯಲು ಐಪಿ 65 ಅಥವಾ ಅದಕ್ಕಿಂತ ಮೇಲಿನ ರೇಟಿಂಗ್, ಇಂಥ ಕೇಬಲ್‌ಗಳಿಗೆಂದೇ ಇರುವ ಐಇಸಿ 62752 ಮಾನದಂಡದ ಪ್ರಮಾಣಪತ್ರ, 5 ಮೀಟರ್ ಕೇಬಲ್. ಕೇಬಲ್ ಸಾಲದೆಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕುವುದು ಬೇಡವೇ ಬೇಡ. ಗಂಟೆಗಟ್ಟಲೆ ಒಂದೇ ಸಮನೆ ಕರೆಂಟ್ ಹರಿದರೆ ಅದರ ಜೋಡಣೆಗಳು ಕರಗುತ್ತವೆ.

ಗೋಡೆಯ ಕಡೆ

ನನ್ನ ಮಟ್ಟಿಗೆ ಖರ್ಚು ಮಾಡಬೇಕಾದದ್ದು ಇಲ್ಲಿ. ಮೀಟರಿನಿಂದ ಕಾರಿಗೆಂದೇ ಬೇರೆ ಲೈನ್, 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ ಎಂಸಿಬಿ, 30 ಮಿಲಿಆಂಪಿನ ಆರ್‌ಸಿಸಿಬಿ. ಸಾಧಾರಣ ಮಾಡ್ಯುಲರ್ ಸಾಕೆಟ್‌ಗಿಂತ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹೆಚ್ಚು ಬಾಳುತ್ತದೆ. ಆದರೆ ಚಾರ್ಜರಿನ ಪ್ಲಗ್ಗೂ ಅದಕ್ಕೆ ಹೊಂದಬೇಕು. ಸಾಕೆಟ್ ಎದೆಮಟ್ಟಕ್ಕಿಂತ ಮೇಲಿರಲಿ. 2020ರ ಅಕ್ಟೋಬರ್ ಮಳೆಯಲ್ಲಿ ಈ ನಗರದ ಎಷ್ಟು ಸೆಲ್ಲಾರ್‌ಗಳು ಕೆರೆಯಾದವೆಂದು ಇಲ್ಲಿದ್ದವರಿಗೆ ನೆನಪಿದೆ.

ಅಸೋಸಿಯೇಷನ್ ತಕರಾರು ಮಾಡಿದರೆ, ಮನೆಯ ಈಗಿನ ಕನೆಕ್ಷನ್‌ನಿಂದಲೇ ವಾಹನ ಚಾರ್ಜ್ ಮಾಡಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದೆ ಎಂಬುದನ್ನು ತೋರಿಸಿ. ಜೊತೆಗೆ ನಿಮ್ಮ ವೈರಿಂಗಿನ ನಕ್ಷೆಯನ್ನೂ ಕೊಡಿ. ಕಾಮನ್ ಏರಿಯಾದ ಕರೆಂಟ್ ಮುಟ್ಟುತ್ತಿಲ್ಲ ಎಂದು ಗೊತ್ತಾದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಊರಿಗೆ ಹೋದಾಗ

ಬೀದರಿನದು ಜಂಬಿಟ್ಟಿಗೆ ನೆಲ, ಹೈದರಾಬಾದಿನದು ಬಂಡೆ. ಬೇಸಿಗೆಯಲ್ಲಿ ಎರಡೂ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಹಳೆಯ ಮನೆಗಳಲ್ಲಂತೂ ಸಾಕೆಟ್ಟಿನ ಮೂರನೇ ತೂತಿಗೆ ವೈರೇ ಇರದಿರಬಹುದು. ಆಗ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. 'ಏನಿಲ್ಲ ಸರ್, ನ್ಯೂಟ್ರಲ್ಲಿಗೂ ಅರ್ಥ್‌ಗೂ ಒಂದು ತುಂಡು ವೈರ್ ಹಾಕಿದರಾಯಿತು' ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಒಪ್ಪಬೇಡಿ. ಮುಂದೆಲ್ಲೋ ನ್ಯೂಟ್ರಲ್ ಕಡಿದರೆ 230 ವೋಲ್ಟ್ ನೇರ ಕಾರಿನ ಮೈಗೆ ಬರುತ್ತದೆ. ಅಂಗಳದಲ್ಲಿ ಆಡುವ ಮಗು ಬಾಗಿಲ ಹಿಡಿ ಮುಟ್ಟಿದರೆ ಸಾಕು.

ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರ್ ಹಿಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2-3 ವೋಲ್ಟ್ ಒಳಗೆ ಇರಬೇಕು. ಇಲ್ಲದಿದ್ದರೆ ಹೊಸ ಅರ್ಥಿಂಗ್ ಗುಂಡಿ ತೆಗೆಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಲು ಮನೆಯವರಿಗೆ ಹೇಳಿ. ಊರಿನ ಮನೆಯಲ್ಲಿ 10 ಆಂಪಿಗೆ ಇಳಿಸಿ ಚಾರ್ಜ್ ಮಾಡಿ, ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಕೈಗೆ ಸುಡುವಂತಿದ್ದರೆ ನಿಲ್ಲಿಸಿ. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಹಾಗೆ ಬಿಟ್ಟರೂ ಸುಮಾರು 23 ಯೂನಿಟ್ ಏರುತ್ತದೆ. ಬೀದರಿನಿಂದ ವಾಪಸ್ ಬರಲು ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ.

ಕಾರಿನ ಜೊತೆಗೇ 15 ಆಂಪ್ ಕೇಬಲ್ ಬಂದಿದ್ದರೆ ಒಂದು ತಿಂಗಳು ಅದರಲ್ಲೇ ನಡೆಸಿ, ಸಾಲದೆನಿಸಿದರೆ ಆಮೇಲೆ ಬೇರೆ ನೋಡಿ. ಅರ್ಥಿಂಗ್ ಗುಂಡಿಯನ್ನು ಮಾತ್ರ ಈ ವಾರವೇ ನೋಡಿಸಿ. ಕಾರಿಲ್ಲದಿದ್ದರೂ ಮನೆಯ ಗೀಸರಿಗೆ, ವಾಷಿಂಗ್ ಮೆಷಿನ್ನಿಗೆ ಅದು ಬೇಕೇ ಬೇಕು.