ದೂರದರ್ಶನ ನೋಡುವುದಕ್ಕೆ ಸುಂಕ ಕೊಡಬೇಕೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಸಂತೆಯ ದಾರಿಯಲ್ಲಿ ನಡೆದುಹೋಗುವವನನ್ನು ಯಾರೂ ಸುಂಕ ಕೇಳುವುದಿಲ್ಲ. ಸಂತೆಯಲ್ಲಿ ಗಂಟು ಇಳಿಸಿ ಅಂಗಡಿ ಹರಡಿದವನು ಮಾತ್ರ ಸುಂಕ ಕೊಡುತ್ತಾನೆ. ಹಾಗಾದರೆ ಮನೆಯಲ್ಲಿ ಕುಳಿತು ರೇಡಿಯೋ ಕೇಳುವವನು, ದೂರದರ್ಶನ ನೋಡುವವನು ಈ ಇಬ್ಬರಲ್ಲಿ ಯಾರ ಹಾಗೆ? ದಾರಿಹೋಕನ ಹಾಗೆಯೋ, ಅಂಗಡಿಯವನ ಹಾಗೆಯೋ? ನೋಡುಗನು ಸರ್ಕಾರಕ್ಕಾಗಲಿ ಪ್ರಸಾರ ಸಂಸ್ಥೆಗಾಗಲಿ ವರ್ಷಕ್ಕಿಷ್ಟು ಎಂದು ಕಡ್ಡಾಯವಾಗಿ ಹಣ ಕೊಡಬೇಕೆ ಎಂಬ ಪ್ರಶ್ನೆಯ ತಿರುಳು ಇಷ್ಟೇ. ಪ್ರಶ್ನೆ ಚಿಕ್ಕದಾಗಿ ಕಂಡರೂ ಉತ್ತರ ಚಿಕ್ಕದಲ್ಲ. ಹಣ ಕೊಡುವವನಾರು ಎಂಬುದರ ಮೇಲೆ ಮಾತಾಡುವವನ ನಾಲಿಗೆ ಯಾರ ಕಡೆ ತಿರುಗುತ್ತದೆಂಬುದೂ ನಿಂತಿದೆ. ಆದುದರಿಂದ ಈ ವಿಷಯವನ್ನು ಕೊಂಚ ವಿಸ್ತಾರವಾಗಿ ವಿವರಿಸಲು ಯತ್ನಿಸುತ್ತೇನೆ.

ಇಂತಹ ಸುಂಕವು ಪರದೇಶದ ಮಾತೆಂದು ನನ್ನ ಸಹಪಾಠಿಗಳಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ನಮ್ಮ ದೇಶದಲ್ಲಿಯೂ ಐದು ದಶಕಗಳಿಗೆ ಮೇಲೆ ಜಾರಿಯಲ್ಲಿತ್ತು. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ ಎಂಬ ಖಾಸಗಿ ಸಂಸ್ಥೆ ಪ್ರಸಾರವನ್ನು ಆರಂಭಿಸಿತು. ರೇಡಿಯೋ ಇಟ್ಟುಕೊಂಡವನು ವರ್ಷಕ್ಕೆ 10 ರೂಪಾಯಿ ಕೊಟ್ಟು ಲೈಸೆನ್ಸು ಪಡೆಯಬೇಕಾಗಿತ್ತು. ಅದರಲ್ಲಿ ನೂರಕ್ಕೆ 80 ಪಾಲು ಕಂಪೆನಿಗೆ ಸೇರುತ್ತಿತ್ತು. ಮೂರು ವರ್ಷ ಕಳೆದರೂ ಇಡೀ ದೇಶದಲ್ಲಿ ಲೈಸೆನ್ಸುಗಳ ಸಂಖ್ಯೆ ಎಂಟು ಸಾವಿರವನ್ನು ಮುಟ್ಟಲಿಲ್ಲ. ಕಂಪೆನಿ 1930ರಲ್ಲಿ ಮುಚ್ಚಿಹೋಯಿತು. ಸರ್ಕಾರವೇ ಆ ಕೆಲಸವನ್ನು ವಹಿಸಿಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದಿತು. ಈ ನಡುವೆ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯು ಲೈಸೆನ್ಸಿಲ್ಲದೆ ರೇಡಿಯೋ ಇಟ್ಟುಕೊಳ್ಳುವುದನ್ನು ಅಪರಾಧವನ್ನಾಗಿ ಮಾಡಿತು. ಕೇಳುವವರು ಕಡಮೆಯಿರುವಾಗ ಕೇಳುವವರ ಸುಂಕದಿಂದಲೇ ಪ್ರಸಾರ ನಡೆಯಲಾರದೆಂಬುದು ನಮ್ಮ ದೇಶಕ್ಕೆ ದೊರೆತ ಮೊದಲನೆಯ ಪಾಠ.

ಎರಡನೆಯ ಪಾಠ ನಮ್ಮ ಮೈಸೂರಿನದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರ ಯಂತ್ರವನ್ನು ಇಟ್ಟುಕೊಂಡು ಬಾನುಲಿ ಕೇಂದ್ರವನ್ನು ನಡೆಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುತ್ತಾರೆ. ಮುಂದೆ ಇಡೀ ಭಾರತದ ಬಾನುಲಿಗೇ ಆ ಹೆಸರು ನಿಂತಿತೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ. ಆದರೆ ಒಬ್ಬ ಅಧ್ಯಾಪಕರ ಕೈಹಣ ಎಷ್ಟು ದಿನ ತಾಳೀತು? 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. 1955ರಲ್ಲಿ ಕೇಂದ್ರವು ಬೆಂಗಳೂರಿಗೆ ಹೋಯಿತು. ಒಳ್ಳೆಯ ಮನಸ್ಸೊಂದಿದ್ದರೆ ಪ್ರಸಾರ ಹುಟ್ಟಬಹುದು. ಬದುಕಬೇಕಾದರೆ ಮಾತ್ರ ನೆಚ್ಚಿಕೊಳ್ಳಬಹುದಾದ ಹಣದ ಮೂಲ ಬೇಕು.

ಸ್ವಾತಂತ್ರ್ಯಾನಂತರ ಈ ಸುಂಕವು ವರ್ಷಕ್ಕೆ 15 ರೂಪಾಯಿಯಾಯಿತು. ಅದನ್ನು ಅಂಚೆ ಕಛೇರಿಯಲ್ಲಿ ಕಟ್ಟಬೇಕಾಗಿತ್ತು. ಕಟ್ಟಿದವನಿಗೆ ಒಂದು ಚಿಕ್ಕ ಪುಸ್ತಕ ಕೊಡುತ್ತಿದ್ದರು. ಪ್ರತಿವರ್ಷವೂ ಅದರಲ್ಲಿ ಲೈಸೆನ್ಸಿನ ಸ್ಟಾಂಪು ಅಂಟಿಸಿ ಮೊಹರು ಒತ್ತಿಸಿಕೊಂಡು ಬರಬೇಕು. ಅಜ್ಜಂಪುರದ ಬಳಿ ಹಳ್ಳಿಯಲ್ಲಿರುವ ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಹೊಲದ ಪಹಣಿಗಳ ನಡುವೆ ಅಜ್ಜನ ಅಂತಹ ಪುಸ್ತಕವೊಂದು ಇಂದಿಗೂ ಇದೆ. ಅಜ್ಜನಿಗೆ ಓದುಬರಹ ಬರುತ್ತಿರಲಿಲ್ಲ. ಆದರೂ ಭೂಕಂದಾಯದ ರಸೀತಿಗೂ ಆ ಪುಸ್ತಕಕ್ಕೂ ಆತ ಒಂದೇ ಮರ್ಯಾದೆ ಕೊಡುತ್ತಿದ್ದನೆಂದು ಅಜ್ಜಿ ಹೇಳುತ್ತಾಳೆ. ಎಲ್ಲರೂ ಹಾಗಿರಲಿಲ್ಲ. ಲೈಸೆನ್ಸು ತಪಾಸಣೆಗೆ ಜನ ಬರುತ್ತಾರೆಂಬ ಸುದ್ದಿ ಎದ್ದರೆ ಸಾಕು, ಊರಿನ ಟ್ರಾನ್ಸಿಸ್ಟರುಗಳೆಲ್ಲ ರಾಗಿಯ ವಾಡೆಯೊಳಗೆ ಇಳಿಯುತ್ತಿದ್ದುವಂತೆ! ಇದರಲ್ಲಿ ನಗೆಯೂ ಇದೆ, ನ್ಯಾಯವೂ ಇದೆ. ಗೋಡೆಗೆ ತಂತಿ ಕಟ್ಟಿದ ದೊಡ್ಡ ರೇಡಿಯೋವನ್ನು ಪತ್ತೆಮಾಡಬಹುದು. ಹೊಲದ ಬದುವಿನ ಮೇಲೆ ಕುಳಿತವನ ಹೆಗಲಿನ ಟ್ರಾನ್ಸಿಸ್ಟರನ್ನು ಎಷ್ಟೆಂದು ಹುಡುಕುವುದು? ಕಡೆಗೆ 1980ರಲ್ಲಿ ಒಂದೆರಡು ಬ್ಯಾಂಡಿನ ಅಗ್ಗದ ರೇಡಿಯೋಗಳಿಗೆ ಸರ್ಕಾರವು ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು.

ದೂರದರ್ಶನದ ಕಥೆಯೂ ಇದೇ ಜಾಡಿನದು. 1959ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಹುಟ್ಟಿದ ಅದು ಕನ್ನಡನಾಡಿಗೆ ಮೊದಲು ಬಂದುದು 1975-76ರ ಉಪಗ್ರಹ ಪ್ರಯೋಗದಲ್ಲಿ. ಆಗ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಜನರು ಸರ್ಕಾರ ಇಟ್ಟ ಪೆಟ್ಟಿಗೆಯ ಮುಂದೆ ಗುಂಪಾಗಿ ಕುಳಿತು ನೋಡಿದರು. ಬೆಂಗಳೂರಿನ ಕೇಂದ್ರ ಆರಂಭವಾದುದು 1981ರಲ್ಲಿ. ಮನೆಯಲ್ಲಿ ಟಿ.ವಿ. ಇಟ್ಟುಕೊಂಡವರು ವರ್ಷಕ್ಕೆ 50 ರೂಪಾಯಿ ಲೈಸೆನ್ಸು ಹಣ ಕಟ್ಟಬೇಕಾಗಿತ್ತು. ಅಷ್ಟರಲ್ಲಿ ಇನ್ನೊಂದು ಮೂಲ ತೆರೆದುಕೊಂಡಿತು. 1967ರಲ್ಲಿ ವಿವಿಧ ಭಾರತಿಗೂ 1976ರಲ್ಲಿ ದೂರದರ್ಶನಕ್ಕೂ ಜಾಹೀರಾತು ಪ್ರವೇಶಿಸಿತು. 1984ರ 'ಹಮ್ ಲೋಗ್' ಧಾರಾವಾಹಿಯ ವೇಳೆಗೆ ಕಾರ್ಯಕ್ರಮದ ಖರ್ಚನ್ನೇ ಹೊರುವ ಪ್ರಾಯೋಜಕರು ಬಂದರು. ಒಂದು ಕಡೆ ಪೆಟ್ಟಿಗೆಗಳ ಸಂಖ್ಯೆ ಏರುತ್ತಿತ್ತು, ಇನ್ನೊಂದು ಕಡೆ ಸುಂಕ ವಸೂಲಿಯ ತೊಡಕು ಹೆಚ್ಚುತ್ತಿತ್ತು. 1980ರ ದಶಕದ ನಡುಭಾಗದಲ್ಲಿ ರೇಡಿಯೋ ಮತ್ತು ಟಿ.ವಿ. ಲೈಸೆನ್ಸುಗಳೆರಡೂ ರದ್ದಾದುವು.

ಇನ್ನು ಹೊರದೇಶಗಳ ಕಡೆ ನೋಡೋಣ. ಈ ಪದ್ಧತಿಯ ತವರು ಬ್ರಿಟನ್ನು. ಅಲ್ಲಿ 1922ರಲ್ಲಿ ರೇಡಿಯೋಗೆ 10 ಷಿಲಿಂಗು, 1946ರಲ್ಲಿ ಟಿ.ವಿ.ಗೆ 2 ಪೌಂಡು ಇದ್ದ ಲೈಸೆನ್ಸು 2025ರಲ್ಲಿ 174 ಪೌಂಡು 50 ಪೆನ್ನಿಗೆ ಏರಿತು. ಈ ಹಣವೇ ಬಿ.ಬಿ.ಸಿ.ಯ ಆಧಾರ, ಸ್ವದೇಶದ ಪ್ರಸಾರದಲ್ಲಿ ಅದು ಜಾಹೀರಾತು ಹಾಕುವುದಿಲ್ಲ. ಲೈಸೆನ್ಸಿಲ್ಲದೆ ನೋಡಿದವರನ್ನು ನ್ಯಾಯಾಲಯಕ್ಕೆ ಎಳೆಯಬಹುದು. ಹಾಗೆ ಎಳೆಯಲ್ಪಡುವವರಲ್ಲಿ ಬಹುಪಾಲು ಹೆಂಗಸರೆಂಬುದು ಅಲ್ಲಿಯೇ ದೊಡ್ಡ ಚರ್ಚೆಗೆ ಕಾರಣವಾಗಿದೆ. ತಪಾಸಣೆಯವನು ಬಾಗಿಲು ತಟ್ಟಿದಾಗ ಮನೆಯಲ್ಲಿರುವವರು ಅವರೇ ತಾನೆ? ಜರ್ಮನಿಯವರು 2013ರಲ್ಲಿ ಪೆಟ್ಟಿಗೆಯನ್ನು ಹುಡುಕುವ ಗೋಜನ್ನೇ ಬಿಟ್ಟರು. ಟಿ.ವಿ. ಇರಲಿ ಇಲ್ಲದಿರಲಿ, ಮನೆಗಿಷ್ಟೆಂದು ಗೊತ್ತುಮಾಡಿದರು. ಕಡುಬಡವರಿಗೆ ವಿನಾಯಿತಿಯಿಟ್ಟರು. ಫ್ರಾನ್ಸು 2022ರಲ್ಲಿ ಸುಂಕವನ್ನು ಕಿತ್ತುಹಾಕಿತು. ಆಸ್ಟ್ರೇಲಿಯವಂತೂ 1974ರಲ್ಲಿಯೇ ಅದನ್ನು ಬಿಟ್ಟು ಬೊಕ್ಕಸದ ಹಣವನ್ನು ನೆಚ್ಚಿಕೊಂಡಿತು. ಹೀಗೆ ಒಂದೇ ಕಾಯಿಲೆಗೆ ಒಂದೊಂದು ದೇಶ ಒಂದೊಂದು ಮದ್ದನ್ನು ಅರೆಯುತ್ತಿದೆ.

ಸುಂಕ ಬೇಕೆನ್ನುವವರ ವಾದವನ್ನು ಮೊದಲು ಕೇಳೋಣ. ಜಾಹೀರಾತಿನ ಹಣದಿಂದ ನಡೆಯುವ ವಾಹಿನಿಗೆ ನೋಡುಗನು ಗಿರಾಕಿಯಲ್ಲ, ಸರಕು. ಸಾಬೂನು ಕೊಳ್ಳುವವರು ಎಲ್ಲಿ ಹೆಚ್ಚಾಗಿದ್ದಾರೋ ಅದರ ಕಣ್ಣು ಅತ್ತ. ತರೀಕೆರೆಯ ಅಡಕೆಗೆ ತಗುಲಿದ ಕೊಳೆರೋಗ, ಅಜ್ಜಂಪುರದ ಈರುಳ್ಳಿಯ ಧಾರಣೆ, ಕಡೂರಿನ ಕಡೆ ಮಳೆ ಹಿಂದೆಗೆದಾಗ ಒಣಗುವ ತೆಂಗು, ಭದ್ರಾ ಜಲಾಶಯದ ನೀರಿನ ಮಟ್ಟ, ಇವನ್ನು ಕುರಿತು ಅರ್ಧ ಗಂಟೆ ಮಾತನಾಡಿದರೆ ಯಾವ ಸಾಬೂನಿನವನು ಹಣ ಕೊಟ್ಟಾನು? ನಮ್ಮ ಸೀಮೆಯ ವೀರಗಾಸೆಯವರನ್ನೂ ಸೋಬಾನೆಯ ಹೆಂಗಸರನ್ನೂ ಕರೆಸಿ ಹಾಡಿಸಿದುದು 1965ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿಯಂತಹ ಕೇಂದ್ರವೇ ಹೊರತು ಲಾಭಕ್ಕಾಗಿ ನಡೆಯುವ ವಾಹಿನಿಯಲ್ಲ. ನನ್ನ ಅವ್ವ ಕಸಮುಸುರೆ ಮಾಡುತ್ತ ಇಂದಿಗೂ ಅದನ್ನೇ ಕೇಳುತ್ತಾಳೆ. ಏಕೆಂದು ಕೇಳಿದರೆ, "ಅದು ನಮ್ಮ ಹಂಗೆ ಮಾತಾಡ್ತದೆ ಕಣಪ್ಪ" ಎನ್ನುತ್ತಾಳೆ. ಸರ್ಕಾರದ ಕೃಪೆಯನ್ನೂ ವ್ಯಾಪಾರಿಯ ಕೃಪೆಯನ್ನೂ ಬೇಡದೆ ಕೇಳುಗರೇ ಸಾಕಿದ ಸಂಸ್ಥೆ ಕೇಳುಗರಿಗೇ ಉತ್ತರ ಹೇಳಬೇಕಾಗುತ್ತದೆ. ಇದು ತೂಕವುಳ್ಳ ವಾದವೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ಎದುರಾಗಿ ಮೂರು ಆಕ್ಷೇಪಗಳಿವೆ. ಮೊದಲನೆಯದು ಸಮತೆಯದು. ವರ್ಷಕ್ಕೆ 300 ರೂಪಾಯಿ ಸುಂಕವೆಂದು ಊಹಿಸಿಕೊಳ್ಳಿ. ತರೀಕೆರೆಯ ಹತ್ತು ಎಕರೆ ತೋಟದ ಯಜಮಾನನಿಗೆ ಅದು ಲೆಕ್ಕಕ್ಕೇ ಬಾರದ ಹಣ. ಈರುಳ್ಳಿ ಕೀಳುವ ಕೂಲಿಯ ಹೆಣ್ಣುಮಗಳಿಗೆ ದಿನದ ದುಡಿಮೆ. ತಲೆಗಿಷ್ಟು, ಮನೆಗಿಷ್ಟು ಎಂಬ ತೆರಿಗೆ ಎಂದೆಂದಿಗೂ ಬಡವನ ಬೆನ್ನ ಮೇಲೆಯೇ ಹೆಚ್ಚು ಭಾರ ಹೇರುತ್ತದೆ.

ಎರಡನೆಯದು ಕಡ್ಡಾಯದ್ದು. ನಮ್ಮ ಮನೆಯಲ್ಲಿ ಡಿಶ್ಶಿಗೆ ತಿಂಗಳಿಗೆ 250 ರೂಪಾಯಿ ರೀಚಾರ್ಜು ಮಾಡಿಸುತ್ತೇವೆ. ಈರುಳ್ಳಿಯ ಧಾರಣೆ ಬಿದ್ದ ವರ್ಷ ನಾಲ್ಕು ತಿಂಗಳು ಮಾಡಿಸಲಿಲ್ಲ. ಚಿತ್ರ ನಿಂತಿತು, ಅಷ್ಟೆ. ಅಪ್ಪನ ಮರ್ಯಾದೆಗೆ ಕುಂದು ಬರಲಿಲ್ಲ. ಅದೇ ಕಡ್ಡಾಯದ ಸುಂಕವಾಗಿದ್ದರೆ ಮನೆಗೆ ನೋಟೀಸು ಬರುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವೇನೆಂಬ ಗಾದೆಯನ್ನು ಕಟ್ಟಿದವರು ನಮ್ಮಂತಹ ಮನೆಯವರೇ ಇರಬೇಕು. ಬೇಡವಾದಾಗ ಬಿಡಬಹುದಾದ ಖರ್ಚಿಗೂ ಬಿಟ್ಟರೆ ತಪ್ಪಿತಸ್ಥನಾಗುವ ಖರ್ಚಿಗೂ ಇರುವ ಅಂತರವನ್ನು ಪಟ್ಟಣದ ಪಂಡಿತರು ಮರೆಯಬಾರದು.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವಾದುದು. ನಮ್ಮ ದೇಶದಲ್ಲಿ ಕೇಳುಗರು ಸುಂಕ ಕೊಟ್ಟ ಮಾತ್ರಕ್ಕೆ ಆಕಾಶವಾಣಿ ಕೇಳುಗರದಾಯಿತೇ? ಇಲ್ಲ. ಅಂಚೆ ಕಛೇರಿಯಲ್ಲಿ ಕಟ್ಟಿದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಆಕಾಶವಾಣಿ ಸರ್ಕಾರದ ಇಲಾಖೆಯಾಗಿ ಉಳಿಯಿತು. 1975ರಿಂದ 1977ರವರೆಗೆ ತುರ್ತುಪರಿಸ್ಥಿತಿಯಿದ್ದಾಗಲೂ ನನ್ನ ಅಜ್ಜನಂತಹವರು ತಪ್ಪದೆ ಸ್ಟಾಂಪು ಅಂಟಿಸಿದರು; ಅವರಿಗೆ ಕೇಳಿಬಂದುದು ಆಳುವವರ ದನಿಯೊಂದೇ. ಇದನ್ನು ಕಂಡೇ ಬಿ. ಜಿ. ವರ್ಗೀಸರ ಅಧ್ಯಕ್ಷತೆಯ ಸಮಿತಿ 1978ರಲ್ಲಿ ಪ್ರಸಾರವನ್ನು ಒಂದು ಸ್ವತಂತ್ರ ನ್ಯಾಸಕ್ಕೆ ಒಪ್ಪಿಸಬೇಕೆಂದು ಸಲಹೆ ಮಾಡಿತು. ಪ್ರಸಾರ ಭಾರತಿ ಕಾಯಿದೆ 1990ರಲ್ಲಿ ಆಯಿತು. ಜಾರಿಗೆ ಬಂದುದು 1997ರಲ್ಲಿ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. ಆದರೂ ಪ್ರಸಾರ ಭಾರತಿಯು ತನ್ನ ಬಹುಪಾಲು ಖರ್ಚಿಗೆ ಇಂದಿಗೂ ಕೇಂದ್ರ ಸರ್ಕಾರದ ಅನುದಾನದ ಕಡೆಗೇ ನೋಡಬೇಕಾಗಿದೆ. ಹಾಗಾದರೆ ತಿಳಿಯಬೇಕಾದುದೇನು? ಹಣ ಯಾರಿಂದ ಬಂದಿತೆಂಬುದಕ್ಕಿಂತಲೂ ಅದು ಯಾರ ಕೈಯಿಂದ ಹಾದುಬರುತ್ತದೆಂಬುದೇ ಹೆಚ್ಚಿನದು. ಅನ್ನ ಯಾರ ಹೊಲದ್ದಾದರೂ ಬಡಿಸುವವನ ಮುಖವನ್ನೇ ಊಟಕ್ಕೆ ಕುಳಿತವನು ನೋಡುತ್ತಾನೆ.

"ಈಗ ಸುಂಕವಿಲ್ಲವಲ್ಲ, ಪುಕ್ಕಟೆಯಾಗಿ ನೋಡುತ್ತಿದ್ದೇವಲ್ಲ" ಎಂದು ವಾಚಕರು ಹೇಳಬಹುದು. ದೂರದರ್ಶನದವರ ಫ್ರೀ ಡಿಶ್ ಎಂಬ ಏರ್ಪಾಡಿನಲ್ಲಿ ಒಮ್ಮೆ ತಟ್ಟೆ, ಪೆಟ್ಟಿಗೆ ಕೊಂಡರೆ ತಿಂಗಳ ಬಾಡಿಗೆ ಇಲ್ಲವೆಂಬುದು ನಿಜ. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಉಳಿದವರು ಪುಕ್ಕಟೆಯಾಗಿ ನೋಡುತ್ತಿಲ್ಲ. ನಮ್ಮ ಮನೆಯ 250 ರೂಪಾಯಿಯಲ್ಲಿಯೇ ನೂರಕ್ಕೆ 18ರ ಜಿ.ಎಸ್.ಟಿ. ಸೇರಿದೆ. ಲೆಕ್ಕ ಹಾಕಿದರೆ ತಿಂಗಳಿಗೆ 38 ರೂಪಾಯಿ, ವರ್ಷವೆಲ್ಲ ಮಾಡಿಸಿದರೆ 450 ರೂಪಾಯಿಗೂ ಮೇಲೆ. ಟಿ.ವಿ. ಕೊಳ್ಳುವಾಗ ತೆತ್ತ ತೆರಿಗೆ ಬೇರೆ. ಅಂದರೆ ನಾನು ಮೇಲೆ ಊಹಿಸಿದ ಸುಂಕಕ್ಕಿಂತ ಹೆಚ್ಚನ್ನು ನಾವು ಈಗಲೇ ಕೊಡುತ್ತಿದ್ದೇವೆ. ಅದಕ್ಕೆ ಆ ಹೆಸರಿಲ್ಲ. ಹೆಸರಿಲ್ಲದುದರಿಂದ ಅದರ ಬದಲು ನಮಗೇನು ದೊರೆಯಿತೆಂದು ಕೇಳುವ ಅಭ್ಯಾಸವೂ ನಮಗಿಲ್ಲ.

ಇಂತಿರಲು ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಮನೆಮನೆಯ ಮೇಲೆ ಕಡ್ಡಾಯದ ಲೈಸೆನ್ಸನ್ನು ಮತ್ತೆ ತರುವುದು ಬೇಡ. ಪೆಟ್ಟಿಗೆಯನ್ನು ಹುಡುಕುವ ಕಾಲ ಟ್ರಾನ್ಸಿಸ್ಟರಿನೊಡನೆಯೇ ಮುಗಿಯಿತು. ಇಂದು ನನ್ನ ಸಹಪಾಠಿಗಳು ಕಡೂರಿನ ಬಸ್ಸಿನಲ್ಲಿ ಕುಳಿತು ಅಂಗೈಯ ಫೋನಿನಲ್ಲಿಯೇ ಎಲ್ಲವನ್ನೂ ನೋಡುತ್ತಾರೆ. ಅವರಲ್ಲಿ ಯಾರನ್ನು ನೋಡುಗನೆಂದು ಎಣಿಸುವುದು, ಯಾರನ್ನು ಬಿಡುವುದು? ಅದರ ಬದಲು ಟಿ.ವಿ. ಪೆಟ್ಟಿಗೆ, ಕೇಬಲ್ಲು, ಡಿಶ್ಶುಗಳಿಂದ ಈಗಾಗಲೇ ಬರುತ್ತಿರುವ ತೆರಿಗೆಯಲ್ಲಿ ಒಂದು ಗೊತ್ತಾದ ಪಾಲನ್ನು ಪಾರ್ಲಿಮೆಂಟು ಕಾಯಿದೆಯ ಮೂಲಕ ಬೇರೆಯಾಗಿ ತೆಗೆದಿಡಲಿ. ಆ ಪಾಲು ವರ್ಷವರ್ಷವೂ ಮಂತ್ರಿಗಳ ಮರ್ಜಿಗೆ ತಕ್ಕಂತೆ ಏರಿಳಿಯದೆ ಹಲವು ವರ್ಷಗಳಿಗೆ ಒಮ್ಮೆಗೇ ನಿಶ್ಚಯವಾಗಲಿ. ಹೆಚ್ಚು ಕೊಳ್ಳುವವನು ಹೆಚ್ಚು ಕೊಡುತ್ತಾನೆ. ಕೊಳ್ಳಲಾರದವನನ್ನು ಯಾರೂ ಅಪರಾಧಿ ಎನ್ನುವುದಿಲ್ಲ. ಅದರಲ್ಲಿ ಒಂದಂಶ ಭದ್ರಾವತಿಯಂತಹ ಪ್ರಾದೇಶಿಕ ಕೇಂದ್ರಗಳಿಗೆ, ಆಯಾ ಸೀಮೆಯ ಭಾಷೆಯ ಕಾರ್ಯಕ್ರಮಗಳಿಗೆ ಮೀಸಲಾಗಲಿ. ಇದರ ಜೊತೆಗೆ ಪ್ರಸಾರ ಸಂಸ್ಥೆಯನ್ನು ನಡೆಸುವವರನ್ನು ನೇಮಿಸುವ ಅಧಿಕಾರವೂ ಆಳುವವರ ಹಿಡಿತದಿಂದ ಬಿಡುಗಡೆಯಾಗಬೇಕು. ಇಲ್ಲದಿದ್ದರೆ ಹಣವೆಷ್ಟಿದ್ದರೂ ಮಾತು ಹಳೆಯದೇ ಆದೀತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಅಪ್ಪ, ಅವ್ವಂದಿರಿಗೆ ಲೋಕದ ಸುದ್ದಿ ಪತ್ರಿಕೆಯಿಂದ ಬರುವುದಿಲ್ಲ, ಪುಸ್ತಕದಿಂದಲೂ ಬರುವುದಿಲ್ಲ; ಕಿವಿಯಿಂದ, ಕಣ್ಣಿನಿಂದ ಬರುತ್ತದೆ. ಓದಿದವನು ಒಂದು ಸುದ್ದಿಯನ್ನು ಇನ್ನೊಂದರೊಡನೆ ಹೋಲಿಸಿ ನೋಡಿಯಾನು. ಓದದವರು ಕೇಳಿದುದನ್ನೇ ನಂಬಬೇಕು. ಹೀಗಿರುವಾಗ ಆ ದನಿ ನಿಜವನ್ನು ಹೇಳುತ್ತದೆಯೋ ಇಲ್ಲವೋ ಎಂಬುದು ನಮ್ಮಂತಹ ಮನೆಗಳಿಗೆ ವಿನೋದದ ಪ್ರಶ್ನೆಯಲ್ಲ. ಬೀಜ, ಗೊಬ್ಬರ, ಮತಗಳ ಪ್ರಶ್ನೆ. ಅದಕ್ಕೆ ಬೆಲೆ ಕೊಡಲು ನಮ್ಮ ಜನರು ಹಿಂಜರಿಯುವವರಲ್ಲ. ಕೊಟ್ಟ ಬೆಲೆಗೆ ತಕ್ಕ ಲೆಕ್ಕವನ್ನು ಅವರಿಗೆ ಒಪ್ಪಿಸುವ ಏರ್ಪಾಡು ಮೊದಲು ಆಗಬೇಕು.