ದವಡೆಯ ದೂರು ಕೇಳುವವರಾರು?

ಆಕಳಿಸುವಾಗ ಕಿವಿಯ ಬಳಿ ‘ಕಟಕ್’ ಎಂಬ ಸದ್ದು, ಚಕ್ಕುಲಿ ಕಡಿದರೆ ಕೆನ್ನೆಯಲ್ಲಿ ನೋವು, ಬೆಳಿಗ್ಗೆ ಏಳುವಾಗ ಬಿಗಿದುಕೊಂಡ ದವಡೆ. ಇಂತಹ ತೊಂದರೆ ಇರುವವರು ನಮ್ಮ ನಡುವೆ ಬಹಳ ಮಂದಿ. ಆದರೆ ಯಾವ ವೈದ್ಯರನ್ನು ಕಾಣಬೇಕೆಂಬುದೇ ಹಲವರಿಗೆ ತಿಳಿಯದು. ಕಿವಿನೋವೆಂದು ಇಎನ್‌ಟಿ ತಜ್ಞರ ಬಳಿಗೆ, ತಲೆನೋವೆಂದು ನರರೋಗ ತಜ್ಞರ ಬಳಿಗೆ ಅಲೆಯುತ್ತಾರೆ.

ಈ ಗೊಂದಲಕ್ಕೆ ಕಾರಣವಿದೆ. ಕೆಳದವಡೆಯು ತಲೆಬುರುಡೆಯನ್ನು ಕೂಡುವ ಕೀಲು ಇರುವುದು ಕಿವಿಯ ಮುಂದೆಯೇ. ಬಾಯಿ ತೆರೆದಾಗ ಅದು ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ. ಕೀಲಿನೊಳಗಿನ ಮೆತ್ತೆ ಸ್ಥಾನ ತಪ್ಪಿದರೆ ಸದ್ದು ಬರಬಹುದು; ಸ್ನಾಯುಗಳು ದಣಿದರೆ ನೋವು ಕಾಣಿಸಿಕೊಳ್ಳಬಹುದು. ಕಿವಿಯ ತೊಂದರೆಗೂ ದವಡೆಯ ಕೀಲಿಗೂ ನಂಟಿದೆಯೆಂದು ಅಮೆರಿಕದ ವೈದ್ಯ ಜೇಮ್ಸ್ ಕೋಸ್ಟನ್ 1934ರಲ್ಲೇ ಬರೆದಿದ್ದರು.

ವಯಸ್ಕರಲ್ಲಿ ಶೇ 5ರಿಂದ 12ರಷ್ಟು ಮಂದಿಗೆ ಈ ಕೀಲು ಮತ್ತು ಸ್ನಾಯುಗಳ ತೊಂದರೆ ಇರಬಹುದೆಂಬುದು ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಗಿ ಹೇಳಲಾಗುವ ಅಂದಾಜು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು. ನೋವಿಲ್ಲದ ಬರಿಯ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲ. ನೋವಿದ್ದರೂ ಮೆತ್ತನೆಯ ಆಹಾರ, ಬಿಸಿ ಶಾಖ, ದವಡೆಯ ವ್ಯಾಯಾಮ, ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸವನ್ನು ಬಿಡುವುದು ಇವುಗಳಿಂದಲೇ ಬಹುತೇಕರಿಗೆ ಉಪಶಮನ ದೊರೆಯುತ್ತದೆ. ಹಲ್ಲು ಉಜ್ಜಿ ತೆಗೆಸುವುದಕ್ಕೋ ಶಸ್ತ್ರಚಿಕಿತ್ಸೆಗೋ ಅವಸರಪಡುವುದು ತರವಲ್ಲ.

ಆದರೆ ದವಡೆಯ ಎಲ್ಲ ದೂರುಗಳೂ ಇಷ್ಟು ನಿರುಪದ್ರವಿಯಲ್ಲ. ನಮ್ಮಲ್ಲಿ ಇನ್ನೊಂದು ಬಗೆಯ ರೋಗವಿದೆ. ಖಾರ ತಿಂದರೆ ಬಾಯಿ ಉರಿಯುತ್ತದೆ, ಕೆನ್ನೆಯ ಒಳಪದರ ಬಿಳಿಚಿ ನಾರುಗಟ್ಟುತ್ತದೆ, ವರ್ಷಗಳುರುಳಿದಂತೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದೇ ‘ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್’. ಇಲ್ಲಿ ಕೆಟ್ಟಿರುವುದು ಕೀಲಲ್ಲ. ಮೂಲ ಕಾರಣ ಅಡಿಕೆಯನ್ನು ಜಗಿಯುವ ಚಟ. ಈ ರೋಗ ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕಕ್ಕೆ ಇದು ಕಹಿಯಾದ ಮಾತು. ಲಕ್ಷಾಂತರ ಕುಟುಂಬಗಳ ಬದುಕು ಆ ಬೆಳೆಯನ್ನು ನೆಚ್ಚಿದೆ. ಹಾಗೆಂದು ಬಾಯಿ ಮುಚ್ಚಿಹೋಗುತ್ತಿರುವ ಯುವಕರ ವಿಷಯದಲ್ಲಿ ನಾವೂ ಬಾಯಿ ಮುಚ್ಚಿಕೊಂಡಿರಲಾದೀತೆ? 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ, ತಂಬಾಕುಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವ ದಾರಿಯನ್ನು ಚಟ ಕಂಡುಕೊಂಡಿತು.

ಪರೀಕ್ಷೆ ಮಾತ್ರ ಬಲು ಸುಲಭ. ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಭಾಗದ ಹಲ್ಲುಗಳ ನಡುವೆ ತೂರಿಸಿ ನೋಡಬೇಕು. ಸಾಮಾನ್ಯವಾಗಿ ಅವು ಹಿಡಿಸುತ್ತವೆ. ಹಿಡಿಸದಿದ್ದರೆ ದಂತವೈದ್ಯರನ್ನು ಕಾಣಬೇಕು. ಜಗಿಯುವ ಅಭ್ಯಾಸವಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಕಾಲೇಜು, ಕಾರ್ಖಾನೆಗಳ ಆರೋಗ್ಯ ತಪಾಸಣೆಯಲ್ಲಿ ರಕ್ತದೊತ್ತಡದ ಜೊತೆಗೆ ಇದನ್ನೂ ಸೇರಿಸಲು ಖರ್ಚೇನೂ ಇಲ್ಲ. ಒಮ್ಮೆ ನಾರುಗಟ್ಟಿದ ಬಾಯಿ ಮೊದಲಿನಂತಾಗುವುದು ಕಷ್ಟ. ಸದ್ದು ಮಾಡುವ ದವಡೆಗಿಂತ ಸದ್ದಿಲ್ಲದೆ ಬಿಗಿಯುವ ದವಡೆಯ ಬಗ್ಗೆಯೇ ನಾವು ಹೆಚ್ಚು ಎಚ್ಚರ ವಹಿಸಬೇಕು.