ಮುಕ್ತ ತಂತ್ರಾಂಶದ ಕೂಟದಲ್ಲಿ ಮರ್ಯಾದೆ

ಗಣಕಯಂತ್ರವನ್ನು ನಡೆಯಿಸುವ ಬರಹಕ್ಕೆ ತಂತ್ರಾಂಶವೆನ್ನುವರು. ಅದರ ಮೂಲವನ್ನು ಮುಚ್ಚಿಡದೆ, ಎಲ್ಲರೂ ಓದಿ ತಿದ್ದುವಂತೆ ಬಿಟ್ಟರೆ ಅದು ಮುಕ್ತ ತಂತ್ರಾಂಶವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನುಸ್ ಟೊರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್ ಇಂಥದು. ಕನ್ನಡ ವಿಕಿಪೀಡಿಯವನ್ನು ನಡೆಯಿಸುವ ಮೀಡಿಯಾವಿಕಿಯೂ ಇಂಥದೇ.

ಇಲ್ಲಿ ಕೂಡಿ ದುಡಿಯುವವರಲ್ಲಿ ಅನೇಕರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಆದಕಾರಣ ಮಾತೇ ಮುಖವು. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿರುವ ನಮ್ಮ ಹೆಣ್ಣುಮಕ್ಕಳೂ ಮನೆಯಿಂದಲೇ ತಿದ್ದುಪಡಿಯನ್ನು ಕಳುಹಬಹುದು. ಆದರೆ ಮೊದಲ ತಪ್ಪಿಗೇ ಹೀಯಾಳಿಸಲ್ಪಟ್ಟವಳು ತಿರುಗಿ ಬಾರಳು, ನಷ್ಟವು ಕೂಟಕ್ಕೇ. ಟೊರ್ವಾಲ್ಡ್ಸರು ಸಹ ತಮ್ಮ ಕಟುವಾದ ಪತ್ರಗಳಿಗಾಗಿ 2018ರ ಸಪ್ಟೆಂಬರದಲ್ಲಿ ಕ್ಷಮೆ ಬೇಡಿದರು. ಅದೇ ತಿಂಗಳಲ್ಲಿ ಲಿನಕ್ಸ್ ಕೂಟವು ನಡತೆಯ ನಿಯಮಗಳನ್ನು ಅಂಗೀಕರಿಸಿತು.

ಹಾಗಾದರೆ ತಪ್ಪನ್ನು ಹೇಳಬಾರದೋ? ಅವಶ್ಯವಾಗಿ ಹೇಳಬೇಕು. ಕೆಲಸದ ದೋಷವನ್ನು ಕಾರಣಸಹಿತವಾಗಿ ತೋರಿಸತಕ್ಕದ್ದು, ಕೆಲಸಮಾಡಿದವರನ್ನು ನಿಂದಿಸತಕ್ಕದ್ದಲ್ಲ. ಇದನ್ನು ನಮ್ಮ ಮಕ್ಕಳಿಗೆ ಯಂತ್ರವಿದ್ಯೆಯ ಸಂಗಡಲೇ ಕಲಿಸೋಣ.